ಬಂಗುಡೆ ಮಾಡಿದ ಫೋನು ಪರೀಕ್ಷೆ

ಕಟಪಾಡಿಯ ಮೊಬೈಲ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ಮೊದಲ ಟಚ್‌ಸ್ಕ್ರೀನ್ ಫೋನು ಬಂತು. ಶನಿವಾರದೊಳಗೆ ಅದನ್ನು ಮಾರದಿದ್ದರೆ ಬೇರೆ ಕೆಲಸ ನೋಡಿಕೋ ಎಂದಿದ್ದರು ಧಣಿಗಳು. ಆ ಶನಿವಾರ ಹನುಮಂತನಿಗೆ ದೀಪವಿಟ್ಟು, ಉಪವಾಸದಲ್ಲೇ ಅಂಗಡಿಗೆ ಬಂದೆ. ಮೀನು ಮಾರುವ ಗಿರಿಜಕ್ಕ ಬುಟ್ಟಿ ಸಮೇತ ಒಳಗೆ ಬಂದರು.

ಫೋನನ್ನು ಅಂಗೈಯಲ್ಲಿ ತೂಗಿ ನೋಡಿ, "ಚಂದ ಉಂಟು, ಆದರೆ ಒದ್ದೆ ಕೈಗೆ ಜಾರ್ತದೆ" ಎಂದರು. "ನಾನು ಮಣಿಪಾಲದ ಹೋಟೆಲಿಗೆ ಮೀನಿನ ಫೋಟೋ ಕಳಿಸಬೇಕು. ಕಿವಿರು ಕೆಂಪು ಕಂಡರೆ ಮಾತ್ರ ತಾಜಾ ಅಂತ ಅವರು ಒಪ್ಪುವುದು. ಈ ಬಂಗುಡೆಯ ಕಿವಿರು ಎತ್ತಿ ಹಿಡಿಯಿರಿ ನೋಡುವ."

"ಅಕ್ಕಾ, ನನಗೆ ಇವತ್ತು ಶನಿವಾರ..."

"ತಿನ್ನಲಿಕ್ಕೆ ಹೇಳಿದೆನಾ ಮಾರಾಯ್ರೆ?"

ದೇವರನ್ನು ನೆನೆದು ಹಿಡಿದೆ, ಅವರು ಫೋಟೋ ತೆಗೆದರು. ಪರದೆಯಲ್ಲಿ ಕಿವಿರು ಕಂದು ಬಣ್ಣದಲ್ಲಿ ಬಂತು.

"ನಿಮ್ಮ ಫೋನಿನಲ್ಲಿ ಇದು ನಿನ್ನೆಯ ಮೀನು!" ಗಿರಿಜಕ್ಕ ಫೋನನ್ನು ಮೇಜಿನ ಮೇಲಿಟ್ಟರು.

ಟ್ಯೂಬ್‌ಲೈಟಿನ ತಪ್ಪಿರಬಹುದೆಂದು ಮೀನು ಹಿಡಿದುಕೊಂಡೇ ಬಿಸಿಲಿಗೆ ಓಡಿದೆ. "ಇಲ್ಲಿ ತೆಗೆಯಿರಿ ಅಕ್ಕಾ!"

ಈ ಸಲ ಕಿವಿರು ದಾಸವಾಳದಂತೆ ಕೆಂಪು.

"ಹಾಂ, ಈಗ ಇವತ್ತಿನದ್ದು" ಎಂದು ನಕ್ಕು ಗಿರಿಜಕ್ಕ ಫೋನು ಕೊಂಡರು. ದೇವರು ಕೈಬಿಡಲಿಲ್ಲ.

ಸಂಜೆ ಮೂರು ಸಲ ಸೋಪು ಹಾಕಿ ತೊಳೆದರೂ, ಆರತಿಗೆ ಚಾಚಿದ ಕೈಯಲ್ಲಿ ಬಂಗುಡೆಯ ವಾಸನೆ. ಹನುಮಂತ ಬೇಸರಿಸಿರಲಾರ. ಕಡಲು ಹಾರಿದವನಿಗೆ ಆ ವಾಸನೆ ಹೊಸತೇ?