ಕೆನ್ನೆಯ ಮೇಲಿನ ದೃಷ್ಟಿಬೊಟ್ಟು

ಆವತ್ತು ಮದ್ದೂರಿನ ನನ್ನ ಟೈಲರಿಂಗ್ ಅಂಗಡಿ ಮುಚ್ಚಿಕೊಂಡು ಊರಿಗೆ ಬಂದು ಬಸ್ಸಿಳಿದರೆ, ಸ್ಟಾಪಿನ ಪಕ್ಕದಲ್ಲೇ ನನ್ನ ಮಗಳ ಫ್ಲೆಕ್ಸು. ಆಳೆತ್ತರದ ಚಿತ್ರ. ಒಂಬತ್ತನೇ ಕ್ಲಾಸಿನ ಹುಡುಗಿ ಕಬಡ್ಡಿಯಲ್ಲಿ ರೈಡಿಗೆ ನುಗ್ಗುತ್ತಿದ್ದಾಳೆ, ಮೈಯೆಲ್ಲ ಮಣ್ಣು. ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದಕ್ಕೆ ಹಾರ್ದಿಕ ಅಭಿನಂದನೆಗಳಂತೆ. ಸುತ್ತಲೂ ಅಭಿನಂದಿಸುವವರ ತಲೆಗಳು, ಅದರಲ್ಲಿ ಕೂಲಿಂಗ್ ಗ್ಲಾಸಿನವರೇ ಜಾಸ್ತಿ. ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು, ತರಗತಿ, ಶಾಲೆ, ಊರು. ಕೆನ್ನೆಯ ಮೇಲೆ ಒಂದು ಕಪ್ಪು ಬೊಟ್ಟು.

ಆಟದ ದಿನ ಅವಳ ಕೆನ್ನೆಯಲ್ಲಿ ಬೊಟ್ಟಿರಲಿಲ್ಲ. ಫ್ಲೆಕ್ಸು ಮಾಡಿಸಿದವನು ನನ್ನ ತಮ್ಮ. ಫ್ಲೆಕ್ಸ್ ಅಂಗಡಿಯವನ ಪಕ್ಕದಲ್ಲೇ ಕೂತು ಕಂಪ್ಯೂಟರಿನಲ್ಲಿ ಇಡಿಸಿದ್ದನಂತೆ.

"ದೃಷ್ಟಿ ಆಗ್ಬಾರ್ದಲ್ಲ ಕಣಕ್ಕ," ಅಂದ. "ರೋಡಲ್ಲಿ ಓಗೋರು ಬರೋರೆಲ್ಲ ನೋಡ್ತಾರೆ."

"ಎಲ್ರೂ ನೋಡ್ಲಿ ಅಂತ ತಾನೇ ನೀನು ಆಕ್ಸಿರೋದು? ನನ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ನಿಲ್ವಾ?"

"ಸೋದರಮಾವ ಕಣಕ್ಕ ನಾನು. ನಿನ್ನ ಕೇಳಿ ಆಕುಸ್ಬೇಕಾ?"

ಪ್ರೀತಿಯಿಂದಲೇ ಮಾಡಿದ, ಇಲ್ಲ ಅನ್ನಲ್ಲ. ಮದ್ದೂರಿನ ಮೈದಾನದಲ್ಲಿ ಅವಳ ಆಟವನ್ನೆಲ್ಲ ಫೋನಿನಲ್ಲಿ ಹಿಡಿದವನೂ ಅವನೇ. ಮೊದಲು ಸ್ಟೇಟಸ್ಸಿಗೆ ಹಾಕಿದ, ಆಮೇಲೆ ಮನೆಯವರ ಗ್ರೂಪಿಗೆ, ಊರಿನ ಗ್ರೂಪಿಗೆ, ಗೆಳೆಯರ ಗ್ರೂಪಿಗೆ. ಅದರಲ್ಲೇ ಒಂದು ಚಿತ್ರ ತೆಗೆದು ಫ್ಲೆಕ್ಸು ಮಾಡಿಸಿದ. ಮೈದಾನದಲ್ಲಿ ಎಲ್ಲರ ಕೈಯಲ್ಲೂ ಫೋನಿತ್ತು. ನೀನು ಯಾರು, ಯಾರ ಮಗುವಿನ ವಿಡಿಯೋ ಮಾಡುತ್ತಿದ್ದೀಯ ಎಂದು ಒಬ್ಬರಾದರೂ ಒಬ್ಬರನ್ನು ಕೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಬ್ಲೌಸ್ ಹೊಲಿಸಲು ಬಂದ ಕಾಲೇಜು ಹುಡುಗಿಯೊಬ್ಬಳು ಅಳುಕುತ್ತಲೇ ತನ್ನ ಫೋನನ್ನು ನನ್ನ ಮಿಷನ್ನಿನ ಮೇಲಿಟ್ಟಳು. "ಆಂಟಿ, ಇದು ನಿಮ್ ಮಗಳಲ್ವಾ?"

ನನ್ನ ತಮ್ಮನ ವಿಡಿಯೋನೇ. ಎದುರಾಳಿ ಹುಡುಗಿಯರು ಹಿಡಿದಾಗ ಮಗಳು ಬಿದ್ದು, ಗೆರೆ ಮುಟ್ಟಲು ಒದ್ದಾಡುತ್ತಾಳಲ್ಲ, ಆಗ ಟೀ ಶರ್ಟು ಸರಿದಿತ್ತು. ಯಾವನೋ ಅಷ್ಟನ್ನೇ ಕತ್ತರಿಸಿ, ನಿಧಾನ ಮಾಡಿ, ಹಾಡು ಹಾಕಿ ರೀಲ್ಸ್ ಮಾಡಿದ್ದ. ಕೆಳಗೆ ಬರೆದಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಬ್ಬ ಫ್ಲೆಕ್ಸು ನೋಡಿಕೊಂಡು ಅವಳ ಹೆಸರು, ಶಾಲೆ ಹಾಕಿದ್ದ. ಇನ್ನೊಬ್ಬ ಅವಳು ಯಾವ ಬಸ್ಸಿಗೆ ಹೋಗುತ್ತಾಳೆ ಎಂದೂ ತಿಳಿಸಿದ್ದ.

ಆ ಹುಡುಗಿಯೂ ನಾನೂ ಸೇರಿ ರಿಪೋರ್ಟ್ ಮಾಡಿದೆವು. ರೀಲ್ಸ್ ಒಂದು ಕಡೆ ಹೋಯಿತು, ಇನ್ನೊಂದು ಕಡೆ ಬಂತು. ಮೊದಲು ಆ ಫ್ಲೆಕ್ಸನ್ನಾದರೂ ಇಳಿಸು ಎಂದು ತಮ್ಮನಿಗೆ ಹೇಳಿದರೆ ಅವನು ತಲೆ ಕೆರೆದುಕೊಂಡ.

"ನಾಕು ದಿನ ತಡಿಯಕ್ಕ. ಅದ್ರಲ್ಲಿ ದೊಡ್ಡೋರ ಮುಖಾನೂ ಅದೆ. ಇಳ್ಸುದ್ರೆ ಬೇಜಾರ್ ಮಾಡ್ಕತಾರೆ."

ನನ್ನ ಮಗಳ ಬೇಜಾರು ಯಾವ ಲೆಕ್ಕದಲ್ಲೂ ಇರಲಿಲ್ಲ. ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಹೋಗಿ ನಾನೇ ಹಗ್ಗ ಕತ್ತರಿಸಿದೆ. "ಒಳ್ಳೇದಕ್ಕೇ ಮಾಡಿದ್ನಲ್ಲಕ್ಕ," ಎಂದು ತಮ್ಮ ಹಿಂದೆ ನಿಂತು ಗೊಣಗುತ್ತಿದ್ದ. ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ರೀಲ್ಸ್ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಾದ ಮೇಲೆ ಯಜಮಾನರದು ಒಂದೇ ಮಾತು. "ಸಾಕು ಬುಡು. ಆಟಾನೂ ಬ್ಯಾಡ, ಗೀಟಾನೂ ಬ್ಯಾಡ."

"ನಾನೇನ್ ಮಾಡ್ದೆ ಅಪ್ಪ?" ಅಂದಳು ಮಗಳು. ಅವರು ಎದ್ದು ದನದ ಕೊಟ್ಟಿಗೆ ಕಡೆ ಹೋದರು.

ಮಂಡ್ಯದಲ್ಲಿ ಜಿಲ್ಲಾ ಮಟ್ಟದ ಪಂದ್ಯ ಹತ್ತಿರದಲ್ಲಿತ್ತು. ಅದಕ್ಕಾಗಿ ಹುಡುಗಿ ಕೋಳಿ ಕೂಗುವ ಹೊತ್ತಿಗೇ ಎದ್ದು ಓಡುತ್ತಿದ್ದಳು. ತಪ್ಪು ಮಾಡಿದವನು ಯಾರೋ, ಮನೆಯಲ್ಲಿ ಕೂರಬೇಕಾದವಳು ಇವಳಾ? ಅವಳು ಆಡಲೇಬೇಕು ಎಂದು ನಾನು ಜಗಳ ತೆಗೆದೆ, ಒಂದು ದಿನ ಒಲೆಯನ್ನೂ ಹಚ್ಚಲಿಲ್ಲ. ಕೊನೆಗೆ ಯಜಮಾನರು ಹ್ಞೂಂ ಅಂದರು.

ಶಾಲೆಗೆ ಹೋಗಿ ಪಿ.ಟಿ. ಮೇಷ್ಟ್ರನ್ನು ಕಂಡೆ. ವಿಡಿಯೋ ಬೇಕಾದರೆ ಶಾಲೆಯ ಕಡೆಯಿಂದ ಒಬ್ಬರೇ ಮಾಡಲಿ, ಹೆತ್ತವರನ್ನು ಕೇಳಿ ಹಾಕಲಿ, ಚಿತ್ರದ ಜೊತೆ ಹೆಸರು, ಊರು ಬೇಡ, ಗೆರೆಯ ಹತ್ತಿರ ಗುರುತಿಲ್ಲದವರನ್ನು ಬಿಡಬೇಡಿ ಎಂದೆ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

"ನೀವೇಳೋದು ಸರಿ ಕಣಮ್ಮ. ಆದ್ರೆ ಅಷ್ಟೊಂದು ಜನ, ಯಾರ್ ಕೈ ಅಂತ ಹಿಡಿಯಾದು? ಎಂಗೂ ನೀವೇ ಟೈಲರು. ಹುಡ್ಗೀರ ಟೀ ಶರ್ಟ್ ಒಸಿ ಉದ್ದ ಮಾಡ್ಕೊಟ್ಬುಡಿ."

ಉದ್ದ ಮಾಡಿಕೊಟ್ಟೆ. ಟೀಮಿನ ಎಲ್ಲರ ಅಂಗಿಗೂ ಕೆಳಗೆ ನಾಲ್ಕು ಬೆರಳಗಲದ ಪಟ್ಟಿ ಕೊಟ್ಟು ಹೊಲಿದೆ. ಬೈದುಕೊಂಡೇ ಹೊಲಿದೆ. ಗಂಡು ಹುಡುಗರ ಟೀಮೂ ಇತ್ತು, ಅವರ ಅಂಗಿ ಯಾವುದೂ ನನ್ನ ಅಂಗಡಿಗೆ ಬರಲಿಲ್ಲ.

ಮಂಡ್ಯದಲ್ಲಿ ಇವರಿಗೆ ಎದುರಾಳಿ ಮಳವಳ್ಳಿ ಕಡೆಯ ಟೀಮು. ಮೈದಾನದ ಸುತ್ತ ಮತ್ತೆ ಅದೇ ಫೋನುಗಳು. ಗೆರೆಯ ಪಕ್ಕದಲ್ಲೇ ಒಬ್ಬ ಕುಕ್ಕರಗಾಲಲ್ಲಿ ಕೂತು ವಿಡಿಯೋ ಮಾಡುತ್ತಿದ್ದ. ನಾನು ಹೋಗಿ ಕೇಳಿದೆ, "ನಿಮ್ ಮಗು ಯಾವ್ದು ಇದ್ರಲ್ಲಿ?"

"ನಮ್ದು ಯಾವ್ದೂ ಇಲ್ಲ ಕಣಮ್ಮ. ಕಬಡ್ಡಿ ಅಂದ್ರೆ ಇಷ್ಟ."

"ಹಂಗಾದ್ರೆ ಕಣ್ಣಲ್ಲಿ ನೋಡಿ. ಫೋನ್ ಇಳ್ಸಿ."

"ಗ್ರೌಂಡ್ ಏನ್ ನಿಮ್ಮಪ್ಪಂದಾ?"

ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ವ್ಯವಸ್ಥಾಪಕರಲ್ಲಿ ಒಬ್ಬರು ಓಡಿಬಂದರು. ಬಂದವರು, "ಅಮ್ಮಾ, ಗಲಾಟೆ ಮಾಡ್ಬೇಡಿ, ಮಕ್ಳು ಆಡ್ತಾ ಅವ್ರೆ," ಎಂದು ನನ್ನನ್ನೇ ಹಿಂದಕ್ಕೆ ಕಳಿಸಿದರು. ಅವನು ಅಲ್ಲೇ ಕೂತಿದ್ದ.

ಮಗಳು ರೈಡಿಗೆ ಹೋದಳು. ಬಲಗೈ ಮುಂದೆ ಚಾಚಿತ್ತು. ಎಡಗೈ ಅಂಗಿಯ ಅಂಚನ್ನು ಹಿಡಿದು ತೊಡೆಗೆ ಒತ್ತಿಕೊಂಡಿತ್ತು. ನಾನು ಅಷ್ಟು ಉದ್ದ ಮಾಡಿದ್ದರೂ ಹಿಡಿದೇ ಇದ್ದಳು. ಎಡಗಡೆ ಎದುರಾಳಿಯೊಬ್ಬಳು ಕೈಗೆ ಸಿಗುವಷ್ಟು ಹತ್ತಿರ ಬಂದಳು, ಮಗಳು ಎಡಗೈ ಸುಮ್ಮನೆ ಚಾಚಿದ್ದರೂ ಅವಳು ಔಟು. ಮೇಷ್ಟ್ರು ಆಚೆಯಿಂದ, "ಕೈ ಬುಡು ಮಗ, ಕೈ ಬುಡು!" ಎಂದು ಅರಚುತ್ತಿದ್ದರು. ಅವಳು ಬಿಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಂದು ಹಿಡಿದರು. ಬಿದ್ದ ಮೇಲೂ ಅವಳು ಗೆರೆಗೆ ಕೈ ನೀಡಲಿಲ್ಲ, ಎರಡೂ ಕೈಯಲ್ಲಿ ಅಂಗಿ ಹಿಡಿದುಕೊಂಡು ಮುದುಡಿ ಮಲಗಿದಳು.

ಔಟಾಗಿ ನೇರ ನನ್ನ ಹತ್ತಿರ ಬಂದಳು. ಎಷ್ಟು ಪಾಯಿಂಟು, ಗೆಲ್ಲುತ್ತೇವಾ, ಏನೂ ಕೇಳಲಿಲ್ಲ.

"ಅಮ್ಮ, ಈಗ ಬಿದ್ನಲ್ಲ, ಅದ್ನ ಯಾರಾದ್ರೂ ವಿಡಿಯೋ ಮಾಡುದ್ರಾ?"

"ಇಲ್ಲ ಕಣವ್ವ," ಅಂದೆ. ಅವಳ ಬೆನ್ನ ಹಿಂದೆ ಆ ಮನುಷ್ಯ ಈಗ ಎದ್ದು ನಿಂತು, ಫೋನನ್ನು ನಮ್ಮಿಬ್ಬರ ಕಡೆಗೇ ತಿರುಗಿಸಿದ್ದ.