ಬಿಳಿಚೋಡಿನ ಬಯಲಲ್ಲಿ ಚಂದ್ರನ ಇಟ್ಟಿಗೆ

ಮುಂದೊಂದು ದಿನ ಚಂದ್ರನ ಮೇಲೆ ಜನ ಉಳಿಯಬೇಕಾದರೆ ಅವರಿಗೆ ಗೋಡೆಗಳು ಬೇಕು. ಇಲ್ಲಿಂದ ಸಿಮೆಂಟು, ನೀರು ಹೊತ್ತುಕೊಂಡು ಹೋಗುವುದು ಆಗದ ಮಾತು. ಅಲ್ಲಿನ ಮಣ್ಣನ್ನು ಅಲ್ಲಿನ ಬಿಸಿಲಿನಲ್ಲೇ ಕಾಯಿಸಿ ಇಟ್ಟಿಗೆ ಮಾಡಲು ಸಾಧ್ಯವೇ ಎಂದು ನೋಡುವುದು ನಮ್ಮ ತಂಡದ ಕೆಲಸವಾಗಿತ್ತು. ಮೋಡ ಕಡಿಮೆ, ಬಯಲು ಬೇಕಾದಷ್ಟು ಎಂದು ಬಿಳಿಚೋಡಿನ ಹೊರಗೆ ತಗಡಿನ ಶೆಡ್ಡು ಹಾಕಿ, ಬಿಸಿಲನ್ನು ಒಂದೇ ಕಡೆ ಕೂಡಿಸುವ ಆಳೆತ್ತರದ ಕನ್ನಡಿ ನಿಲ್ಲಿಸಿ, ಚಂದ್ರನ ಮಣ್ಣನ್ನು ಹೋಲುವ ಕಲ್ಲುಪುಡಿಯ ಚೀಲಗಳ ಜೊತೆ ನನ್ನೊಬ್ಬಳನ್ನೇ ಅಲ್ಲಿ ಬಿಟ್ಟರು.

ಜಗಳೂರಿನಲ್ಲಿ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ಕಪ್ಪು ಕನ್ನಡಕ ಹಾಕಿಕೊಂಡು ಕನ್ನಡಿ ತಿರುಗಿಸುತ್ತಾ ಕೂರುವುದು. ಇಟ್ಟಿಗೆ ಕೆಂಪಗಾಗಿ ಕೂಡಿಕೊಳ್ಳುತ್ತಿತ್ತು, ಆರುವಾಗ ಟಿಕ್ ಎಂದು ಸೀಳುತ್ತಿತ್ತು. ಎಷ್ಟೋ ದಿನ ನಾನು ಕೇಳಿದ ಮಾತೆಂದರೆ ಕಂಡಕ್ಟರನ ‘ಇಳೀರಿ ಮೇಡಂ’ ಒಂದೇ.

ಆಮೇಲೆ ಕುರಿ ಮೇಯಿಸುವ ಹೆಂಗಸೊಬ್ಬಳು ಶೆಡ್ಡಿನ ನೆರಳಿಗೆ ಬಂದು ಕೂರತೊಡಗಿದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು.

“ಏನ್ ಸುಡ್ತೀಯ ತಂಗಿ?”

“ಚಂದ್ರನ ಮ್ಯಾಲೆ ಮನೆ ಕಟ್ಟಾಕೆ ಇಟ್ಟಿಗೆ ಅಕ್ಕಾ.”

ಅವಳು ನಗಲಿಲ್ಲ. ಒಡೆದ ತುಂಡೊಂದನ್ನು ತಿರುಗಿಸಿ ನೋಡಿದಳು. “ಯಾರಿರ್ತಾರೆ ಅಲ್ಲಿ?”

“ಇಬ್ರೋ ಮೂವರೋ. ಸ್ವಲ್ಪ ದಿನ.”

“ಪಾಪ,” ಎಂದಳು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ಚಾಚಿದಳು. ಅಂದಿನಿಂದ ಒಟ್ಟಿಗೇ ಉಣ್ಣುತ್ತಿದ್ದೆವು. ದಿನಾ ಹೊರಡುವ ಮುಂಚೆ ಕೇಳುತ್ತಿದ್ದಳು, “ಇವತ್ತೂ ಒಡೀತಾ?”

ಬಿಸಿಲನ್ನು ಒಮ್ಮೆಲೇ ತಪ್ಪಿಸುತ್ತಿದ್ದುದರಿಂದ ಮೇಲ್ಭಾಗ ಬೇಗ ತಣಿದು, ಒಳಗಿನ ಕಾವಿಗೆ ಇಟ್ಟಿಗೆ ಸೀಳುತ್ತಿದೆ ಅನ್ನಿಸಿತು. ಒಂದು ದಿನ ಮಧ್ಯಾಹ್ನವಿಡೀ ಕನ್ನಡಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾ ಕಾವು ಇಳಿಸಿದೆ. ಇಟ್ಟಿಗೆ ಒಡೆಯಲಿಲ್ಲ. ಬೆರಳಿನಿಂದ ತಟ್ಟಿದರೆ ಠಣ್ ಎಂದಿತು.

ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದರು. “ವೆರಿ ಗುಡ್, ಫೋಟೋ ಕಳ್ಸಿ,” ಎಂದು ಇಟ್ಟುಬಿಟ್ಟರು. ಕುರಿಯವಳು ಎರಡು ದಿನದಿಂದ ಬಂದಿರಲಿಲ್ಲ. ಅವರ ಹಟ್ಟಿಗೇ ನಡೆದೆ. ಅಲ್ಲಿದ್ದ ಮುದುಕ ಹೇಳಿದ: “ಕುರಿ ಹೊಡ್ಕಂಡು ಭದ್ರಾ ಚಾನಲ್ ಕಡೆ ಹೋದ್ರವ್ವ. ಭತ್ತ ಕೊಯ್ದ ಗದ್ದೇಲಿ ಮೇಯ್ಸಾಕೆ.” ಅವಳ ಫೋನ್ ನಂಬರು ನನ್ನಲ್ಲಿರಲಿಲ್ಲ.

ಆ ಶನಿವಾರ ನ್ಯಾಮತಿಗೆ, ತಂಗಿಯ ಮನೆಗೆ ಹೊರಟಿದ್ದೆ. ದಾರಿಯಲ್ಲಿ, ಹೊನ್ನಾಳಿ ಇನ್ನೂ ದೂರವಿರುವಾಗ, ಕಿಟಕಿಯಿಂದ ಚಾನಲ್ ಪಕ್ಕದ ಕೊಯ್ದ ಗದ್ದೆಯಲ್ಲಿ ಕುರಿ ಹಿಂಡು ಕಂಡಿತು. ಯೋಚಿಸದೆ ಬಸ್ಸು ನಿಲ್ಲಿಸಿ ಇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಓಡಿದೆ.

ಅದು ಬೇರೆ ಯಾರದೋ ಹಿಂಡು. ಕಂಬಳಿ ಹೊದ್ದ ಗಂಡಸೊಬ್ಬ ಎದ್ದು ನಿಂತ.

“ಬಿಳಿಚೋಡಿನವ್ರಾ?” ಎಂದು ಕೇಳಿದೆ.

“ಅಲ್ರೀ. ಯಾಕ್ರೀ, ಏನಾಗ್ಬೇಕಿತ್ತು?”

“ಒಬ್ರಿಗೆ ಒಂದು ಮಾತು ಹೇಳ್ಬೇಕಿತ್ತು. ಇಟ್ಟಿಗೆ ಒಡೀಲಿಲ್ಲ ಅಂತ.”

ಅವನು ನನ್ನ ಮುಖವನ್ನೇ ನೋಡಿದ. “ಒಳ್ಳೇದಾತು ಬಿಡ್ರಿ,” ಎಂದ ಮೆಲ್ಲಗೆ. “ನೀರು ಕುಡೀತೀರಾ?”

ಕುಡಿದೆ. ಮುಂದಿನ ಬಸ್ಸಿಗೆ ಮೋರಿ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಾದೆ. ಅಳು ಬಂತು. ದುಃಖಕ್ಕೋ ಸಂತೋಷಕ್ಕೋ ಗೊತ್ತಾಗಲಿಲ್ಲ.

ಆ ಇಟ್ಟಿಗೆಯನ್ನು ಪ್ರಯೋಗಾಲಯದಲ್ಲಿ ಹೋಳು ಮಾಡಿ ಯಂತ್ರದಲ್ಲಿ ಒತ್ತಿ ನೋಡಿದರು. ಗೋಡೆಗೆ ಸಾಲುವಷ್ಟು ಗಟ್ಟಿ ಇತ್ತಂತೆ. ಒಂದಕ್ಕೊಂದು ಕಚ್ಚಿಕೊಳ್ಳುವ ಆಕಾರದ ಇಟ್ಟಿಗೆ ಮಾಡಲು ಇನ್ನೊಂದು ವರ್ಷ ಇರುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಜಗಳೂರಿನ ಕೋಣೆ ಬಿಟ್ಟು ಬಿಳಿಚೋಡಿನಲ್ಲೇ ಒಂದು ಕುಟುಂಬದ ಮನೆಯ ಮುಂದಿನ ಕೋಣೆಗೆ ಬಂದೆ. ನಡುವೆ ಇರುವುದು ತೆಳ್ಳನೆಯ ಗೋಡೆ. ಆಚೆ ಅವರು ಮಾತಾಡುವುದು, ಪಾತ್ರೆ ಎತ್ತಿಡುವುದು ಎಲ್ಲ ಕೇಳಿಸುತ್ತದೆ.