ಕುರುಗೋಡಿನ ಪಾರಮ್ಮನ ಚೌರಿ

ಕುರುಗೋಡಿನ ಪಾರಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅವಳ ತಲೆ ಬೋಳಿಸಿದವಳು ನಮ್ಮವ್ವ. ಅದು ಅನ್ಯಾಯವೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಆದರೂ ಬರೆಯುತ್ತೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ಈಗಲೂ ಅವಳ ಹೆಸರೆತ್ತಿದರೆ, ಅವಳ ಮನಸ್ಸು ಬಹಳ ಕೆಟ್ಟದ್ದಾಗಿತ್ತು ಅನ್ನುತ್ತಾರೆ. ಕೆಟ್ಟದ್ದು ಮಾಡಿದವರು ನಾವು, ಕೆಟ್ಟ ಮನಸ್ಸು ಮಾತ್ರ ಅವಳದಂತೆ! ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಮ್ಮಪ್ಪ ದೊಡ್ಡಬಸಪ್ಪ ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ. ಬ್ರೂಸ್‌ಪೇಟೆಯಲ್ಲಿ ನಮ್ಮದು ದೊಡ್ಡ ಮಾಳಿಗೆ ಮನೆ. ನಾನು ಹುಟ್ಟಿದ್ದು ಧಾತು ಸಂವತ್ಸರದ ಬರದಲ್ಲಿ. ನನಗೆ ಆರು ವರ್ಷವಾಗುವ ಹೊತ್ತಿಗೆ ಊರು ಚೇತರಿಸಿಕೊಂಡು, ಹೆಂಗಸರಿಗೆ ಮತ್ತೆ ತಲೆ, ಜಡೆ, ಹೂವು ಅಂತ ಯೋಚಿಸುವಷ್ಟು ಪುರುಸೊತ್ತು ಬಂದಿತ್ತು. ಪಾರಮ್ಮ ಹದಿನೈದು ದಿನಕ್ಕೊಮ್ಮೆ ಕುರುಗೋಡಿನಿಂದ ಗಾಡಿಯಲ್ಲಿ ಬರುತ್ತಿದ್ದಳು. ಮೂರು ದಿನ ಉಳಿದು, ನಮ್ಮ ಬೀದಿಯ ಐದಾರು ಮನೆಗಳ ಹೆಂಗಸರಿಗೆ ಎಣ್ಣೆ ಹಚ್ಚಿ, ತಲೆ ಎರೆದು, ಸಿಕ್ಕು ಬಿಡಿಸಿ, ಹೆಣೆದು ಹೋಗುತ್ತಿದ್ದಳು. ಅವಳ ಗಂಡ ಎರ್ರಣ್ಣ ಎರೆಹೊಲದಲ್ಲಿ ಜೋಳ, ಅಗಸೆ ಬೆಳೆಯುತ್ತಿದ್ದ.

ಅವಳು ಎಲ್ಲ ಕಾಲಕ್ಕೂ ಒಂದೇ ಎಣ್ಣೆ ಹಚ್ಚುವವಳಲ್ಲ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲಿಗೆ ನೆತ್ತಿ ಕಾದ ಹಂಚಾಗುತ್ತದೆಂದು ಮೆಂತ್ಯ ನೆನೆಹಾಕಿ ಮೊಸರಿನಲ್ಲಿ ಅರೆದು ಹಚ್ಚುತ್ತಿದ್ದಳು. ಮಳೆಗಾಲ ಬಂದರೆ ಎಣ್ಣೆ ಕಡಿಮೆ ಮಾಡಿ, ಎರೆದ ಮೇಲೆ ಕೂದಲನ್ನು ಬುಟ್ಟಿಯ ಮೇಲೆ ಹರವಿ ಲೋಬಾನದ ಹೊಗೆ ಕೊಡುತ್ತಿದ್ದಳು. ಚಳಿಗಾಲದಲ್ಲಿ ಕುಸುಬೆ ಎಣ್ಣೆಗೆ ಹರಳೆಣ್ಣೆ ಬೆರೆಸಿ ಬೆಚ್ಚಗೆ ಮಾಡಿ ಬುಡಕ್ಕೆ ತಿಕ್ಕುತ್ತಿದ್ದಳು. ಕೂದಲು ಪಂಚಾಂಗ ನೋಡದೆಯೇ ಮಳೆಯನ್ನು ಗುರುತು ಹಿಡಿಯುತ್ತದೆ ಅನ್ನುವುದು ಅವಳ ಮಾತು. ಮೋಡ ಕಟ್ಟಿದ ದಿನ ಅವಳ ತಲೆ ನೋಡಿದರೆ ಸಾಕು, ಆ ಮಾತು ನಿಜ ಅನ್ನಿಸುತ್ತಿತ್ತು.

ಯಾಕೆಂದರೆ ಅವಳದು ಗುಂಗುರು ಕೂದಲು. ಬಿಚ್ಚಿ ಎಳೆದರೆ ಮೊಣಕಾಲು ಮುಟ್ಟುತ್ತಿತ್ತು, ಬಿಟ್ಟರೆ ಸರ್ರನೆ ಸುತ್ತಿಕೊಂಡು ಸೊಂಟಕ್ಕೆ ಏರುತ್ತಿತ್ತು. ಬಿಸಿಲಿಗೆ ತಾಮ್ರದ ಬಣ್ಣ ಹೊಡೆಯುತ್ತಿತ್ತು. ಬ್ರೂಸ್‌ಪೇಟೆಯ ಹೆಂಗಸರು ತಮ್ಮ ತಲೆ ಬಾಚಿಸಿಕೊಂಡ ಮೇಲೆ ಅವಳ ತಲೆ ಮುಟ್ಟಿ ನೋಡದೆ ಕಳಿಸುತ್ತಿರಲಿಲ್ಲ. ನಮ್ಮವ್ವ ಚನ್ನವೀರಮ್ಮನದು ನೂಲಿನಂಥ ನೇರ ಕೂದಲು, ಅದೂ ತೆಳುವು. ಮನೆತುಂಬ ಬಂಗಾರವಿದ್ದೂ ಕೂಲಿಯವಳ ಕೂದಲಿಗೆ ಹೊಟ್ಟೆಕಿಚ್ಚು ಪಡುತ್ತಿದ್ದಳು. ಇದನ್ನು ಮಗಳಾಗಿ ನಾನೇ ಹೇಳುತ್ತಿದ್ದೇನೆ.

ಆ ವರ್ಷ ನಾಗರಪಂಚಮಿಗೆ ಪಾರಮ್ಮ ಅವ್ವನಿಗೆ ಜಡೆ ಹೆಣೆದು ಬಂಗಾರದ ಜಡೆಬಿಲ್ಲೆ ಸಿಕ್ಕಿಸಿದಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬೀದಿಯ ಹೆಂಗಸರೆಲ್ಲ ಜೀಕಿದರು, ಅವ್ವನೂ ಜೀಕಿದಳು. ಸಂಜೆ ನೋಡಿದರೆ ಬಿಲ್ಲೆ ಇಲ್ಲ. ಹಿತ್ತಲೆಲ್ಲ ಗುಡಿಸಿ ಹುಡುಕಿದರು. ಪಾರಮ್ಮನ ಗಂಟು ಬಿಚ್ಚಿ ನೋಡಿದರು. ಹಣಿಗೆ, ಲೋಬಾನ, ಎಣ್ಣೆ ಗಿಂಡಿ ಬಿಟ್ಟರೆ ಏನೂ ಸಿಗಲಿಲ್ಲ. ಪೋಲೀಸರಿಗೆ ಹೇಳೋಣ ಎಂದು ಅಪ್ಪ ಅಂದ. ಪಾರಮ್ಮ ತಾನಾಗಿಯೇ ನಡೆಯಿರಿ ಎಂದು ಮುಂದೆ ಬಂದಳು. ಅವ್ವ ಒಪ್ಪಲಿಲ್ಲ. ಅವಳ ಕೂದಲು ತೆಗೆಸಿ ಕಳಿಸಿದರೆ ಸಾಕು, ಅದಕ್ಕಿಂತ ದೊಡ್ಡ ಜೈಲು ಬೇಡ ಅಂದಳು.

ಹಜಾಮರ ದುರುಗಪ್ಪನನ್ನು ಕರೆಸಿದರು. ನಮ್ಮಲ್ಲಿ ಗಂಡ ಸತ್ತವಳ ತಲೆಯನ್ನೂ ಬೋಳಿಸುವ ಪದ್ಧತಿ ಇಲ್ಲ. ಅವನು ಕತ್ತಿ ಹಿಡಿದು ನಿಂತವನು ನಿಂತೇ ಇದ್ದ.

"ಮುತ್ತೈದಿ ತಲಿ ಐತ್ರಿ ಅಮ್ಮಾರ. ನನ್ನ ಕೈಲೆ ಆಗಂಗಿಲ್ಲರಿ" ಅಂದ.

ಹಾಗಾದರೆ ನಾಳೆಯಿಂದ ಈ ಬೀದಿಗೆ ಕಾಲಿಡಬೇಡ ಎಂದು ಅವ್ವ ಹೇಳಿದಳು. ದುರುಗಪ್ಪನಿಗೂ ಹೊಟ್ಟೆಯಿತ್ತು. ಬೇವಿನ ಮರದ ಕೆಳಗೆ, ಅದೇ ಜೋಕಾಲಿಯ ಪಕ್ಕದಲ್ಲಿ, ಪಾರಮ್ಮನನ್ನು ಕೂರಿಸಿ ಬೋಳಿಸಿದ. ಅವಳು ಅಳಲಿಲ್ಲ. ಎದ್ದು, ಉದುರಿದ ಒಂದೊಂದು ಎಳೆಯನ್ನೂ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಾಟ ಮಾಡಿಸುತ್ತಾಳೆ ಎಂದು ಹೆಂಗಸರು ಹೆದರಿ ಹಿಂದೆ ಸರಿದರು. ಬಾಗಿಲಲ್ಲಿ ನಿಂತು ಅವಳು ಅವ್ವನಿಗೆ ಹೇಳಿದ್ದು ಒಂದೇ ಮಾತು.

"ಬಿಲ್ಲಿ ಸಿಕ್ಕ ದಿನ ಹೇಳಿ ಕಳಸ್ರಿ."

ಬಿಲ್ಲೆ ನಾಲ್ಕನೇ ದಿನ ಸಿಕ್ಕಿತು. ಅವ್ವ ಎರಕೊಳ್ಳಲು ಬಚ್ಚಲಲ್ಲಿ ಕೂತು ಸೀಗೆಪುಡಿಯ ಗಡಿಗೆಗೆ ಕೈ ಹಾಕಿದಾಗ ಪುಡಿಯ ಜೊತೆ ಕೈಗೆ ಬಂತು. ಜೀಕುವಾಗ ಕುತ್ತಿಗೆಗೆ ಬಡಿಯುತ್ತದೆಂದು ತಾನೇ ತೆಗೆದು ಅಲ್ಲಿಟ್ಟಿದ್ದಳು, ಮರೆತಿದ್ದಳು. ನಾನು ಅಲ್ಲೇ ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಅವ್ವ ನನ್ನನ್ನು ನೋಡಿದಳು. ಒದ್ದೆ ತಲೆಯಲ್ಲೇ ಎದ್ದು ಅಡುಗೆಮನೆಗೆ ಹೋಗಿ ಒಂದು ಹೋಳು ಕೊಬ್ಬರಿ, ಒಂದು ಹರಳು ಬೆಲ್ಲ ತಂದು ನನ್ನ ಕೈಗಿಟ್ಟಳು. ಯಾರ ಮುಂದೆಯೂ ಹೇಳಬೇಡ ಅಂದಳು. ನಾನು ತಿಂದೆ, ಹೇಳಲಿಲ್ಲ. ಮುಂದಿನ ತಿಂಗಳು ಅವ್ವ ತವರೂರು ಸಿರುಗುಪ್ಪಕ್ಕೆ ಹೋಗಿ ಬಂದಾಗ ಬಿಲ್ಲೆ ಕರಗಿ ವಂಕಿಯಾಗಿ ತೋಳಿಗೆ ಏರಿತ್ತು.

ಮುಂದಿನ ಆರು ವರ್ಷ ಪಾರಮ್ಮ ಹೇಗಿದ್ದಳೆಂದು ನನಗೆ ತಿಳಿದದ್ದು ಪಕ್ಕೀರಮ್ಮನಿಂದ. ಅವಳು ಬುಟ್ಟಿ ಹೊತ್ತು ಊರೂರಿಗೆ ಹೋಗಿ ಜಡೆಗೆ ಸೇರಿಸುವ ಚೌರಿ ಮಾರುವವಳು, ಕುರುಗೋಡಿನಲ್ಲಿ ಪಾರಮ್ಮನ ನೆರೆಯವಳು. ಕಳ್ಳಿಯ ಕೈಗೆ ತಲೆ ಕೊಡುವವರು ಯಾರು? ಪಾರಮ್ಮನನ್ನು ಬಳ್ಳಾರಿಯಲ್ಲಿ ಯಾರೂ ಕರೆಯಲಿಲ್ಲ, ಕುರುಗೋಡಿನಲ್ಲೂ ಕರೆಯಲಿಲ್ಲ. ಗಂಡ ಹೊಲದಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿರುವಾಗಲೇ ಅವಳನ್ನು ಬೋಳಿ ಅಂದರು. ಅವಳು ಮನೆ ಬಿಟ್ಟು ಹೊರಬೀಳದೆ, ಮನೆಮನೆಯ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಪಕ್ಕೀರಮ್ಮನಿಂದ ಕೊಂಡು ಚೌರಿ ಕಟ್ಟಿ ಅವಳ ಕೈಯಲ್ಲೇ ಮಾರಿಸುತ್ತಿದ್ದಳು. ಕಟ್ಟಿದವಳು ಯಾರೆಂದು ಪಕ್ಕೀರಮ್ಮ ಯಾರಿಗೂ ಹೇಳುತ್ತಿರಲಿಲ್ಲ.

ತನ್ನ ಕೂದಲನ್ನು ಮಾತ್ರ ಅವಳು ಮಾರಲಿಲ್ಲ. ಬುಡದ ಕಡೆ ನೂಲು ಸುತ್ತಿ, ಬೇವಿನೆಲೆ ಹಾಕಿ ಬುಟ್ಟಿಯಲ್ಲಿಟ್ಟಿದ್ದಳು. ತಲೆಯ ಮೇಲಿದ್ದಾಗ ಹೇಗೋ ಹಾಗೆಯೇ ಅದನ್ನು ಕಾಲಕಾಲಕ್ಕೆ ನೋಡಿಕೊಂಡಳು. ಬೇಸಿಗೆಗೆ ಮೆಂತ್ಯ, ಮಳೆಗಾಲಕ್ಕೆ ಲೋಬಾನ, ಚಳಿಗಾಲಕ್ಕೆ ಬೆಚ್ಚನೆಯ ಕುಸುಬೆ ಎಣ್ಣೆ. ಸತ್ತ ಕೂದಲಿಗೆ ಯಾಕಿಷ್ಟು ಸೇವೆ, ಸುಟ್ಟುಹಾಕು ಎಂದು ಎರ್ರಣ್ಣ ಒಮ್ಮೆ ರೇಗಿದನಂತೆ.

"ಅದು ಸತ್ತಿಲ್ಲ. ಕಾಯಾಕ ಹತ್ತೈತಿ" ಅಂದಳಂತೆ ಪಾರಮ್ಮ.

ನನಗೆ ಹನ್ನೆರಡು ತುಂಬಿದಾಗ ಸಿರುಗುಪ್ಪದ ಮನೆಯೊಂದಕ್ಕೆ ನನ್ನನ್ನು ಕೊಡುವುದೆಂದು ಆಯಿತು. ಅದೇ ಚಳಿಗಾಲ ಅವ್ವನಿಗೆ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದಳು. ಎದ್ದಾಗ ಇದ್ದಷ್ಟು ಕೂದಲೂ ಉದುರಿ, ಹಿಂದೆ ಇಲಿಬಾಲದಷ್ಟು ಉಳಿದಿತ್ತು. ಅಪ್ಪನಿಗೆ ಹತ್ತಿಯ ಕೆಲಸ ಮುಗಿಯುವುದು ತಡವಾಗಿ ಮದುವೆ ಮುಂಗಾರಿನ ಮಿರಗದ ಮಳೆ ಕೂಡುವ ಹೊತ್ತಿಗೆ ಹೋಯಿತು. ತವರೂರಿನವರ ಮುಂದೆ, ಬೀಗರ ಮುಂದೆ ಬೋಳು ತಲೆಯಲ್ಲಿ ಹೇಗೆ ನಿಲ್ಲಲಿ ಎಂದು ಅವ್ವ ದಿನಾ ಕಣ್ಣೀರು ಹಾಕುತ್ತಿದ್ದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಕಡೆಗೆ ಪಕ್ಕೀರಮ್ಮನನ್ನು ಕರೆಸಿ, ತನ್ನ ಕೂದಲಿಗೆ ಹೊಂದುವ ನೇರವಾದ, ಉದ್ದನೆಯ ಚೌರಿ ಬೇಕು ಅಂದಳು.

ಪಕ್ಕೀರಮ್ಮ ಕುರುಗೋಡಿಗೆ ಹೋಗಿ ಸುದ್ದಿ ಹೇಳಿದಳು. ಮದುವೆ ಯಾವಾಗ ಎಂದು ಪಾರಮ್ಮ ಕೇಳಿದಳಂತೆ. ಮಿರಗದಲ್ಲಿ ಅಂದಾಗ ಎದ್ದು ಬುಟ್ಟಿ ಇಳಿಸಿದಳಂತೆ. ಎರ್ರಣ್ಣ ಬೆಳೆದ ಅಗಸೆಯ ಬೀಜ ಕುದಿಸಿ ಲೋಳೆ ತೆಗೆದು, ಕೂದಲಿಗೆ ಎಳೆ ಎಳೆಯಾಗಿ ಸವರಿ, ತೊಲೆಗೆ ಕಟ್ಟಿ, ಕೆಳಗೆ ಗುಂಡುಕಲ್ಲು ತೂಗುಬಿಟ್ಟಳು. ದಿನಾ ಹಗಲು ಹೊತ್ತು ಬಿಸಿಲಿಗೆ ಒಯ್ದು ಒಣಗಿಸಿದಳು. ಹೀಗೆ ಹದಿನೈದು ದಿನ. ಸುರುಳಿಯೆಲ್ಲ ಬಿಟ್ಟು ಕೂದಲು ರೇಷ್ಮೆ ನೂಲಿನ ಹಾಗೆ ನೇರ ನಿಂತಿತು. ತಾಮ್ರದ ಬಣ್ಣ ಮುಚ್ಚಲು ಕಾಡಿಗೆ ಬೆರೆಸಿದ ಎಣ್ಣೆ ಸವರಿದಳು. ಬಿಸಿಲುಗಾಲ ಇರುವತನಕ ಅದು ಹಾಗೆಯೇ ಇರುತ್ತದೆಂದು ಅವಳಿಗೆ ಗೊತ್ತಿತ್ತು. ನೀರು ಬಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು.

ಚೌರಿ ನೋಡಿ ಅವ್ವ ಹಿಗ್ಗಿದಳು. ಒಣ ಹಣಿಗೆಯಲ್ಲೇ ಬಾಚಿರಿ, ನೀರು ತಾಗಿಸಬೇಡಿರಿ ಎಂದು ಪಕ್ಕೀರಮ್ಮ ಎರಡೆರಡು ಸಲ ಹೇಳಿದಳು. ಇದು ಯಾರ ಕೂದಲು ಎಂದು ಮಾತ್ರ ಅವ್ವ ಒಂದು ಸಲವೂ ಕೇಳಲಿಲ್ಲ.

ಮದುವೆ ಸಿರುಗುಪ್ಪದಲ್ಲಿ ನಡೆಯಿತು. ಅವ್ವ ಸೆರಗನ್ನು ತಲೆಯಿಂದ ಜಾರಿಸಿ ಜಾರಿಸಿ ಜಡೆ ತೋರಿಸಿಕೊಂಡು ಓಡಾಡಿದಳು. ಮಾರನೇ ದಿನ ಹೆಂಗಸರೆಲ್ಲ ಹೊಳೆಗೆ ಹೋಗಿ ಗಂಗಮ್ಮನ ಪೂಜೆ ಮಾಡಿ ಹಿಂದಿರುಗುವಾಗ ಮೋಡ ಒಡೆಯಿತು. ವರ್ಷದ ಮೊದಲ ಮಳೆ. ಓಡಿ ಬಂದು ಊರ ಹೆಬ್ಬಾಗಿಲಾದ ಅಗಸಿಯ ಕೆಳಗೆ ನಿಲ್ಲುವಷ್ಟರಲ್ಲಿ ಎಲ್ಲರೂ ತೊಯ್ದು ತೊಪ್ಪೆಯಾಗಿದ್ದೆವು. ನಲವತ್ತು ಹೆಂಗಸರು, ಕಾಲಿಡಲು ಜಾಗವಿಲ್ಲ.

ಮೊದಲು ಕಂಡದ್ದು ಅವ್ವನ ಹಿಂದೆ ನಿಂತಿದ್ದ ನನ್ನ ಹೊಸ ಅತ್ತೆಗೆ.

"ಇದೇನ್ರಿ ಬೀಗತೇರ, ನಿಮ್ಮ ಜಡಿ ಲೋಳಿ ಬಿಡಾಕ ಹತ್ತೈತಲ್ಲ?"

ಅವ್ವನ ಬೆನ್ನ ಮೇಲೆ ಕರಿಯ ಲೋಳೆ ನೀರು ಇಳಿಯುತ್ತಿತ್ತು. ಅವ್ವ ಗಾಬರಿಯಿಂದ ಜಡೆ ಮುಂದಕ್ಕೆಳೆದು ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಕರಿ ಹೋಯಿತು. ತುದಿ ಮೆಲ್ಲನೆ ಮೇಲಕ್ಕೆ ಸುತ್ತಿಕೊಂಡಿತು. ಹೆಣಿಗೆಯ ಸಂದಿಯಿಂದ ಒಂದೊಂದೇ ಗುಂಗುರು ಹೊರಗೆ ಬಂದಿತು. ನೋಡನೋಡುತ್ತ ಮೊಣಕಾಲುದ್ದದ ಜಡೆ ಸೊಂಟಕ್ಕೆ ಏರಿತು. ಮೇಲೆ ಅವ್ವನ ನೇರ ಕೂದಲು, ಕೆಳಗೆ ತಾಮ್ರದ ಸುರುಳಿ. ಬ್ರೂಸ್‌ಪೇಟೆಯಿಂದ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೆಲ್ಲ ಕೈಯಾರೆ ಮುಟ್ಟಿ ನೋಡಿದ ಕೂದಲದು.

ಆಗ ಅಗಸಿಯ ಮೂಲೆಯಿಂದ ಒಬ್ಬಳು ಮುಂದೆ ಬಂದು ತಲೆಯ ಸೆರಗು ತೆಗೆದಳು. ಪಾರಮ್ಮ. ಕುರುಗೋಡಿನಿಂದ ಹಿಂದಿನ ದಿನವೇ ಬಂದು ಕೂತಿದ್ದಳು. ಆ ದಿನ ಮಳೆ ಬರದಿದ್ದರೆ ನಾಳೆ, ನಾಳೆ ಇಲ್ಲದಿದ್ದರೆ ನಾಡಿದ್ದು. ಆರು ವರ್ಷ ಕಾದವಳಿಗೆ ಅದೇನು ದೊಡ್ಡದು? ಅವಳ ಕೂದಲು ಮತ್ತೆ ಬೆಳೆದು ಸೊಂಟ ಮುಟ್ಟಿತ್ತು. ಅದನ್ನು ಹಿಡಿದು ತಂದು ಅವ್ವನ ಜಡೆಯ ಪಕ್ಕಕ್ಕೆ ಇಟ್ಟಳು. ಒಂದೇ ಬಣ್ಣ, ಒಂದೇ ಸುರುಳಿ.

ಇದು ಯಾರ ಕೂದಲು ಎಂದು ನಮ್ಮತ್ತೆ ಕೇಳಿದಳು.

"ಕಳ್ಳಿ ಕೂದಲರಿ" ಅಂದಳು ಪಾರಮ್ಮ. ಆಮೇಲೆ ಅವ್ವನ ಕಡೆ ತಿರುಗಿದಳು. "ಬಿಲ್ಲಿ ಸಿಕ್ತೇನ್ರಿ ಅಮ್ಮಾರ? ಹೇಳೇ ಕಳಸಲಿಲ್ಲ."

ಅವ್ವ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕಿತ್ತೊಗೆದರೆ ಬೀಗರ ಮುಂದೆ ಬೋಳು ತಲೆ, ಇಟ್ಟುಕೊಂಡರೆ ತಾನೇ ಬೋಳಿಸಿದವಳ ಕೂದಲು. ಎತ್ತ ಹೋದರೂ ದಾರಿಯಿರಲಿಲ್ಲ. ಸಿಕ್ಕಿಲ್ಲ ಎಂದು ತಲೆಯಾಡಿಸಿದಳು. ಅಷ್ಟಾದ ಮೇಲೂ, ಇಲ್ಲ ಎಂದೇ ತಲೆಯಾಡಿಸಿದಳು. ನನಗೆ ಎಲ್ಲಿಂದ ಸಿಟ್ಟು ಬಂತೋ ತಿಳಿಯದು.

"ಸೀಗಿಪುಡಿ ಗಡಿಗ್ಯಾಗ ಸಿಕ್ಕಿತ್ತು. ನಾನs ನೋಡೀನಿ. ಅವ್ವ ನನಗ ಕೊಬ್ಬರಿ ಬೆಲ್ಲ ಕೊಟ್ಟು ಹೇಳಬ್ಯಾಡ ಅಂದಳು" ಅಂದೆ.

ಪಾರಮ್ಮ ನನ್ನ ಗಲ್ಲ ಹಿಡಿದು ಜಾಣೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆರು ವರ್ಷ ನಿನ್ನ ಬಾಯಾಗ ಬೆಲ್ಲನs ಇತ್ತೇನವ್ವ?" ಅಂದಳು.

ಅವ್ವ ಚೌರಿಯ ಗಂಟು ಬಿಚ್ಚಲು ಹೋದಳು. ಪಾರಮ್ಮ ತಡೆದಳು.

"ಇಟ್ಕೊಳ್ರಿ. ನನಗ ಮತ್ತ ಬೆಳದಾವ" ಅಂದು, ಸೆರಗು ಹೊದ್ದು, ಮಳೆಯಲ್ಲೇ ಹೊರಟುಹೋದಳು.

ಆಮೇಲೆ ಬ್ರೂಸ್‌ಪೇಟೆಯ ಮನೆಗಳವರೆಲ್ಲ ಅವಳಿಗೆ ಹೇಳಿ ಕಳಿಸಿದರು. ಮೊದಲ ವರ್ಷ ಯಾರ ಮನೆಗೂ ಬರಲಿಲ್ಲ. ಎರಡನೇ ವರ್ಷ ಬಂದಳು, ಹಿತ್ತಲ ಬಾಗಿಲಿಂದ ಬರುತ್ತಿದ್ದವಳು ತಲೆಬಾಗಿಲಿಂದ ಬಂದಳು. ನಮ್ಮ ಮನೆಯ ಮುಂದೆ ಮಾತ್ರ ಬೇಕೆಂದೇ ನಿಧಾನವಾಗಿ, ಬಿಚ್ಚುಗೂದಲಲ್ಲಿ ದಾಟಿ ಹೋಗುತ್ತಿದ್ದಳು. ಅವ್ವ ಚೌರಿಯನ್ನು ಸುಡಲು ಹೆದರಿದಳು, ಎಸೆಯಲೂ ಹೆದರಿದಳು. ಅದು ಪೆಟ್ಟಿಗೆಯಲ್ಲೇ ಉಳಿಯಿತು. ಇತ್ತ ನಮ್ಮತ್ತೆ ಸಾಯುವತನಕ ನನ್ನ ಕೈಗೆ ಮನೆಯ ಕೀಲಿಕೈ ಕೊಡಲಿಲ್ಲ.

ನಾಲ್ಕು ವರ್ಷದ ಮೇಲೆ ನಾನು ಬಸುರಿಯಾದಾಗ ನನಗೆ ಕುಬುಸ ಮಾಡಿದರು. ಕಡೆಗೂ ನಿಜ ಹೇಳಿದವಳು ನಾನೇ ಅಲ್ಲವೇ, ನನ್ನ ಮೇಲೆ ಅವಳಿಗೆ ಸಿಟ್ಟು ಉಳಿದಿರಲಾರದು ಎಂದುಕೊಂಡು, ಬಂದು ನನ್ನ ತಲೆ ಎರೆದು ಜಡೆ ಹಾಕಬೇಕೆಂದು ಪಕ್ಕೀರಮ್ಮನ ಕೈಯಲ್ಲಿ ಪಾರಮ್ಮನಿಗೆ ಹೇಳಿ ಕಳಿಸಿದೆ. ಅವಳು ಬರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ ಸೀಗೆಪುಡಿ ಕಳಿಸಿದಳು. ಕುರುಗೋಡಿನ ಪಾರಮ್ಮನ ಸೀಗೆಪುಡಿ ಎಂದು ಹೆಂಗಸರೆಲ್ಲ ಸುತ್ತ ಕೂತರು. ನಾನು ಸಂತೋಷದಿಂದ ಬಟ್ಟೆ ಬಿಚ್ಚಿ ಕೈ ಹಾಕಿದೆ. ಪುಡಿಯ ನಡುವೆ ಗಟ್ಟಿಯಾಗಿ ಏನೋ ಸಿಕ್ಕಿತು. ತೆಗೆದು ನೋಡಿದರೆ ಒಂದು ಹೋಳು ಕೊಬ್ಬರಿ, ಒಂದು ಹರಳು ಬೆಲ್ಲ.

ತಿನ್ನಬೇಕಂತೆ ಎಂದು ಪಕ್ಕೀರಮ್ಮ ನೆಲ ನೋಡುತ್ತ ಹೇಳಿದಳು. ನಮ್ಮತ್ತೆಯೂ ನೋಡುತ್ತಿದ್ದಳು. ಮೇಲಿನ ಪುಡಿ ಒರೆಸದೆ, ಎಲ್ಲರ ಮುಂದೆ ತಿಂದೆ.